‘ಚಿರಸ್ಮರಣೆ’ಯಲ್ಲಿ ಕಥೆ ಮತ್ತು ಹೋರಾಟ

ಸಾಹಿತ್ಯವು ಸಾಮಾಜಿಕ ಅನ್ಯಾಯವನ್ನು ಎದುರಿಸುವ ಸಾಧನವಾಗಬಹುದೇ, ಆದಲ್ಲಿ ಅದು ಸಾಹಿತ್ಯವಾಗಿ ಉಳಿಯುವುದೇ ಎಂಬ ಪ್ರಶ್ನೆ ಕನ್ನಡ ಕಾದಂಬರಿಯೊಡನೆಯೇ ಹುಟ್ಟಿದುದು. 1899ರಲ್ಲಿ ಗುಲ್ವಾಡಿ ವೆಂಕಟರಾಯರು ‘ಇಂದಿರಾಬಾಯಿ’ಯಲ್ಲಿ ವಿಧವಾವಿವಾಹದ ಪಕ್ಷವನ್ನು ವಹಿಸಿದರು. 1933ರಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ ಉಳುವ ಹಕ್ಕಿಲ್ಲದವನ ಸಂಕಟವನ್ನು ಕಾಣಿಸಿತು. ಇವೆರಡೂ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಕೊಡುಗೆಗಳು. ಅದೇ ಜಿಲ್ಲೆಯ ತೆಂಕಣ ಅಂಚಿನ ಕಯ್ಯೂರಿನ ರೈತರನ್ನು ಕುರಿತು ನಿರಂಜನರು ಬರೆದ ‘ಚಿರಸ್ಮರಣೆ’ 1955ರಲ್ಲಿ ಪ್ರಕಟವಾಯಿತು. ಮೇಲಿನ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತುವ ಕೃತಿ ಇದೇ ಎನ್ನಬೇಕು.

ಕಾದಂಬರಿಗೆ ಆಧಾರವಾದ ಘಟನೆ ಸಂಕ್ಷಿಪ್ತವಾದುದು. ಕಯ್ಯೂರಿನ ಗೇಣಿದಾರರು ಗೇಣಿಯ ಮೇಲೆ ಹಬ್ಬದ ಕಾಣಿಕೆ ಮೊದಲಾದ ಅಕ್ರಮ ವಸೂಲಿಗಳನ್ನೂ ಜನ್ಮಿಗಳಿಗೆ ಸಲ್ಲಿಸಬೇಕಾಗಿತ್ತು. ಅದರ ವಿರುದ್ಧ ರೈತ ಸಂಘ ಬೆಳೆಯಿತು. 1941ರ ಮಾರ್ಚ್ ತಿಂಗಳಲ್ಲಿ ಪೋಲೀಸರ ದಬ್ಬಾಳಿಕೆಯನ್ನು ಪ್ರತಿಭಟಿಸಿ ನಡೆದ ಮೆರವಣಿಗೆಗೆ ಪೋಲೀಸನೊಬ್ಬನು ಎದುರಾದನು; ಜನರ ಕೋಪಕ್ಕೆ ತುತ್ತಾಗಿ, ಹೊಳೆಗೆ ಹಾರಿ, ಅಲ್ಲಿಯೇ ಸತ್ತನು. ವಿಚಾರಣೆ ಮಂಗಳೂರಿನಲ್ಲಿ ನಡೆಯಿತು. 1943ರ ಮಾರ್ಚ್ 29ರಂದು ಅಪ್ಪು, ಚಿರುಕಂಡನ್, ಕುಞಂಬು, ಅಬೂಬಕ್ಕರ್ ಎಂಬ ನಾಲ್ವರು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ನ್ಯಾಯಾಲಯದ ಕಡತದಲ್ಲಿ ಅವರು ಕೊಲೆಯ ಅಪರಾಧಿಗಳು. ಆ ಕಡತದ ಎದುರು ಇನ್ನೊಂದು ದಾಖಲೆಯನ್ನು ಇರಿಸುವುದೇ ಕಾದಂಬರಿಯ ಉದ್ದೇಶ. ಅದನ್ನು ಅದರ ಹೆಸರೇ ಸಾರುತ್ತದೆ.

ಪ್ರಗತಿಶೀಲ ಪಂಥದ ಕೃತಿಗಳನ್ನು ‘ಪ್ರಚಾರ ಸಾಹಿತ್ಯ’ವೆಂದು ತಳ್ಳಿಹಾಕುವ ಪರಿಪಾಠ ಒಂದು ಕಾಲದಲ್ಲಿ ಬಲವಾಗಿತ್ತು. ಆ ಆಕ್ಷೇಪಣೆ ಈ ಕೃತಿಗೆ ಒಂದಂಶದಲ್ಲಿ ಸಲ್ಲುತ್ತದೆ. ಇಲ್ಲಿಯ ಜಮೀನುದಾರರು ವ್ಯಕ್ತಿಗಳಾಗಿ ಬೆಳೆಯದೆ ಒಂದು ವರ್ಗದ ಮಾದರಿಗಳಾಗಿ ನಿಂತುಬಿಡುತ್ತಾರೆ. ದೋಚುವವನ ಮನಸ್ಸಿನಲ್ಲಿಯೂ ಅಳುಕು, ಅಭ್ಯಾಸ, ತನ್ನದೇ ಆದ ಸಮರ್ಥನೆ ಇರುತ್ತವೆ. ಅವನ್ನು ತೋರಿಸಿದ್ದರೆ ವ್ಯವಸ್ಥೆಯ ಕ್ರೌರ್ಯ ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಅಲ್ಲಲ್ಲಿ ಸಂಭಾಷಣೆ ಭಾಷಣವಾಗುವುದೂ ಉಂಟು.

ಆದರೆ ಇಷ್ಟನ್ನೇ ಹೇಳಿ ಮುಗಿಸುವುದು ಅನ್ಯಾಯ. ಕಾದಂಬರಿಯ ನಿಜವಾದ ಸತ್ತ್ವ ಮೆರವಣಿಗೆಯಲ್ಲಿಲ್ಲ, ಪಾಠಶಾಲೆಯಲ್ಲಿದೆ. ಅಪ್ಪು, ಚಿರುಕಂಡರು ಮೊದಲು ನಮ್ಮೆದುರು ಬರುವುದು ಮಾಸ್ತರರ ಶಿಷ್ಯರಾದ ಹುಡುಗರಾಗಿ. ದುಡಿದು ದಣಿದ ರೈತರು ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಾರೆ. ಓದು ಬಾರದವನಿಗೆ ಸಾಲಪತ್ರದಲ್ಲಿರುವುದು ಜಮೀನುದಾರನು ಹೇಳಿದಷ್ಟೇ. ಹೆಬ್ಬೆಟ್ಟಿನ ಗುರುತು ಹಾಕಿದ ಮೇಲೆ ಬಾಕಿ ಎಷ್ಟೆಂಬುದನ್ನು ತೀರ್ಮಾನಿಸುವವನೂ ಅವನೇ. ಹೀಗಿರುವಾಗ ಅಕ್ಷರವಿದ್ಯೆಯೇ ಮೊದಲನೆಯ ಬಂಡಾಯವಾಗುತ್ತದೆ. ಇದನ್ನು ನಿರಂಜನರು ಅವಸರವಿಲ್ಲದೆ ಬೆಳೆಸಿದ್ದಾರೆ. ಘೋಷಣೆಯಿಂದ ಆಗದ ಕೆಲಸ ಈ ಭಾಗಗಳಿಂದ ಆಗಿದೆ: ಓದುಗನು ರೈತರ ಪಕ್ಷಕ್ಕೆ ಸೇರುವುದು ವಾದಕ್ಕೆ ಸೋತಲ್ಲ, ಅವರ ಬಾಳನ್ನು ಅರಿತು.

‘ಚೋಮನ ದುಡಿ’ಯೊಡನೆ ಹೋಲಿಸಿದರೆ ಈ ಮಾತು ವಿಶದವಾಗುತ್ತದೆ. ಚೋಮನದು ಒಂಟಿ ದುಃಖ. ಅದಕ್ಕೆ ದುಡಿಯೊಂದೇ ಜೊತೆ. ಅವನ ಬಯಕೆ ಅವನೊಡನೆಯೇ ಸಾಯುತ್ತದೆ. ಕಲೆಯ ದೃಷ್ಟಿಯಿಂದ ಕಾರಂತರ ಕೃತಿಯೇ ಹೆಚ್ಚು ಅಡಕವಾದುದು, ಹೆಚ್ಚು ಪರಿಪೂರ್ಣವಾದುದು. ಆದರೆ ಒಬ್ಬನ ದುಃಖವು ಹಲವರ ತಿಳಿವಳಿಕೆಯಾಗುವ ಬಗೆಯನ್ನು ಚಿತ್ರಿಸಿದುದು ‘ಚಿರಸ್ಮರಣೆ’. ಕರುಣೆಯನ್ನು ಹುಟ್ಟಿಸುವುದು ಒಂದು ಸಾಧನೆಯಾದರೆ, ಸಂಘಟನೆಯನ್ನು ನಂಬುವಂತೆ ಚಿತ್ರಿಸುವುದು ಇನ್ನೊಂದು. ಎರಡನೆಯದು ಕಾದಂಬರಿಕಾರನಿಗೆ ಹೆಚ್ಚು ಕಷ್ಟದ ಕೆಲಸ.

ಇನ್ನೊಂದು ಅಂಶ ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಮನನೀಯ. ಕಯ್ಯೂರಿನ ರೈತರ ಮಾತು ಮಲೆಯಾಳ; ಅವರ ಕಥೆಗೆ ಕಾದಂಬರಿಯ ರೂಪ ಕೊಟ್ಟುದು ಕನ್ನಡ. ಕೃತಿ ಹೊರಬಂದ ಮರುವರ್ಷ, 1956ರ ನವೆಂಬರ್ 1ರಂದು, ಆ ನೆಲ ಕೇರಳಕ್ಕೆ ಸೇರಿತು. ಮುಂದೆ ಕಾದಂಬರಿ ಮಲೆಯಾಳಕ್ಕೂ ಅನುವಾದವಾಗಿ ತನ್ನ ಜನರ ಬಳಿಗೆ ಮರಳಿತು. ಗಡಿಯ ಎರಡೂ ಬದಿಗೆ ಭಾಷೆಯ ಹೆಸರಿನಲ್ಲಿ ಕಹಿ ಬೆಳೆದ ವರ್ಷಗಳಲ್ಲಿ, ನೆರೆಯವನ ನೋವನ್ನು ತನ್ನ ಭಾಷೆಯಲ್ಲಿ ಹೇಳಿದ ಈ ಕೃತಿಯ ಔದಾರ್ಯವನ್ನು ಮರೆಯಲಾಗದು.

ಗೇಣಿ ಪದ್ಧತಿ ಕೇರಳದಲ್ಲಿ 1970ರಲ್ಲಿ ಕಾನೂನಿನಿಂದ ಕೊನೆಗೊಂಡಿತು. ಕರ್ನಾಟಕದಲ್ಲಿ 1974ರ ತಿದ್ದುಪಡಿ ಉಳುವವನಿಗೆ ಹೊಲದ ಒಡೆತನವನ್ನು ಕೊಟ್ಟಿತು. ಬೇಡಿಕೆ ಈಡೇರಿದ ಮೇಲೆ ಪ್ರಚಾರಪತ್ರಕ್ಕೆ ಬೆಲೆಯಿಲ್ಲ. ‘ಚಿರಸ್ಮರಣೆ’ಯನ್ನು ಇಂದಿಗೂ ಓದುತ್ತಾರೆ. ಅದು ಪ್ರಚಾರವನ್ನು ಮೀರಿದ ಕೃತಿಯೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.