ಬ್ಯಾಕ್ಟೀರಿಯಾ ಕಲ್ಲು ತಿನ್ನುವುದಿಲ್ಲ

'ಅದಿರು ತಿನ್ನುವ ಬ್ಯಾಕ್ಟೀರಿಯಾ' ಎಂಬ ಮಾತು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಬೇರೂರಿಬಿಟ್ಟಿದೆ. ಓದುವುದಕ್ಕೇನೋ ಚೆನ್ನಾಗಿದೆ. ಆದರೆ ಗಣಿಯಿಂದ ಆಮ್ಲನೀರು ಏಕೆ ಹರಿಯುತ್ತದೆ, ಅದನ್ನು ತಡೆಯುವುದೆಲ್ಲಿ ಎಂದು ತಿಳಿಯಬೇಕಾದವರನ್ನು ಅದು ದಾರಿ ತಪ್ಪಿಸುತ್ತದೆ.

ಪೈರೈಟನ್ನೇ ನೋಡಿ. ಕಬ್ಬಿಣ, ಗಂಧಕ ಸೇರಿ ಚಿನ್ನದಂತೆ ಹೊಳೆಯುವ ಈ ಖನಿಜವನ್ನು ಹುಳಿನೀರಿನಲ್ಲಿ ಕೊರೆಯುವುದು ಫೆರಿಕ್ ಕಬ್ಬಿಣ. ಪೈರೈಟಿನ ಒಂದು ಘಟಕ ಪೂರ್ತಿ ಸಲ್ಫೇಟಾಗಲು 14 ಫೆರಿಕ್ ಅಯಾನು ಬೇಕು. ಅವೆಲ್ಲ ಒಂದೊಂದು ಎಲೆಕ್ಟ್ರಾನ್ ಪಡೆದು ಫೆರಸ್ ಆಗುತ್ತವೆ. ಖನಿಜದಿಂದ ಬಿಡುಗಡೆಯಾದದ್ದೂ ಸೇರಿ ನೀರಿನಲ್ಲಿ 15 ಫೆರಸ್ ಅಯಾನು ಉಳಿಯುತ್ತವೆ. ಜೊತೆಗೆ 16 ಹೈಡ್ರೋಜನ್ ಅಯಾನು, ಅಂದರೆ ಆಮ್ಲ. ಫೆರಿಕ್ ತೀರಿದರೆ ಕೊರೆತವೂ ಕುಂಟುತ್ತದೆ. ಗಾಳಿಯೊಂದೇ ಫೆರಸನ್ನು ಮತ್ತೆ ಫೆರಿಕ್ ಮಾಡಬೇಕೆಂದರೆ, ಪಿಎಚ್ 3ರಷ್ಟು ಹುಳಿಯಾದ ನೀರಿನಲ್ಲಿ ಅದಕ್ಕೆ ವರ್ಷಗಳೇ ಬೇಕು.

ಆಸಿಡಿಥಯೋಬ್ಯಾಸಿಲಸ್, ಲೆಪ್ಟೊಸ್ಪಿರಿಲಮ್ ಮುಂತಾದ ಜೀವಿಗಳಿಗೆ ಕೆಲಸ ಇರುವುದು ಇಲ್ಲಿ. ಫೆರಸಿನಿಂದ ಎಲೆಕ್ಟ್ರಾನ್ ಕಿತ್ತು ಆಮ್ಲಜನಕಕ್ಕೆ ದಾಟಿಸಿ, ಆ ಶಕ್ತಿಯಲ್ಲಿ ಅವು ಬದುಕುತ್ತವೆ. ಇಡೀ ಕ್ರಿಯೆಯ ವೇಗ ಈ ಹಂತದ ಮೇಲೇ ನಿಂತಿದೆ, ಸೂಕ್ಷ್ಮಜೀವಿಗಳು ಅದನ್ನು ಸುಮಾರು ಹತ್ತು ಲಕ್ಷ ಪಟ್ಟು ಚುರುಕುಗೊಳಿಸುತ್ತವೆ ಎಂದು ವಿಜ್ಞಾನಿಗಳಾದ ಸಿಂಗರ್ ಮತ್ತು ಸ್ಟಮ್ 1970ರಲ್ಲೇ ಬರೆದರು.

ಬ್ಯಾಕ್ಟೀರಿಯಾ ಅಂಟಿಕೊಂಡ ಜಾಗದಲ್ಲೇ ಪೈರೈಟಿನ ಮೈಮೇಲೆ ಗುಳಿ ಬೀಳುತ್ತದಲ್ಲ, ಅದು ತಿಂದ ಗುರುತಲ್ಲವೇ ಎಂದು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ನೇರ ದಾಳಿಯ ವಾದ ದಶಕಗಳ ಕಾಲ ಬಾಳಿದ್ದು ಇದರಿಂದಲೇ. ಆದರೆ ಜೀವಕೋಶ ಮತ್ತು ಖನಿಜದ ನಡುವೆ ತೆಳ್ಳನೆಯ ಲೋಳೆಯ ಪದರವಿದೆ. ಜರ್ಮನಿಯ ವೋಲ್ಫ್‌ಗಾಂಗ್ ಸಾಂಡ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಒತ್ತಿ ಹೇಳಿದಂತೆ, ಫೆರಿಕ್ ಕಬ್ಬಿಣ ದಟ್ಟವಾಗಿ ಸೇರಿಕೊಳ್ಳುವುದು ಆ ಲೋಳೆಯಲ್ಲೇ. ಅಂಟಿಕೊಂಡಾಗಲೂ ಕೊರೆಯುವುದು ಕಬ್ಬಿಣವೇ. ನನಗೆ ಈ ವಿವರಣೆಯೇ ಗಟ್ಟಿ ಅನ್ನಿಸುತ್ತದೆ.

ಹಾಗಾದರೆ ಜೀವಿಗಳ ಪಾತ್ರ ಚಿಕ್ಕದೇ? ಖಂಡಿತ ಅಲ್ಲ. ಅಮೆರಿಕದ ಕಲ್ಲಿದ್ದಲು ಗಣಿಗಳ ತ್ಯಾಜ್ಯದ ಗುಡ್ಡೆಗಳ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಸಿಂಪಡಿಸಿ ನೋಡಿದ್ದಾರೆ. ಶಾಂಪೂ, ಟೂತ್‌ಪೇಸ್ಟ್‌ಗಳಲ್ಲಿ ನೊರೆ ಬರಿಸುವ ವಸ್ತುವೇ ಅದು. ಕಲ್ಲು ಅದೇ, ಮಳೆ ಅದೇ, ಗಾಳಿ ಅದೇ. ಬ್ಯಾಕ್ಟೀರಿಯಾ ಸತ್ತದ್ದೇ ಆಮ್ಲ ಇಳಿಯಿತು. ಆ ರಾಸಾಯನಿಕ ಮಳೆಗೆ ತೊಳೆದುಹೋದ ಮೇಲೆ ಜೀವಿಗಳು ಮರಳಿದವು, ಆಮ್ಲವೂ ಮರಳಿತು.

ಗಣಿ ಮುಚ್ಚಿದರೆ ಪೀಡೆ ತೊಲಗಿತು ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದ ಐರನ್ ಮೌಂಟನ್‌ನಲ್ಲಿ ಗಣಿಗಾರಿಕೆ ನಿಂತದ್ದು 1963ರಲ್ಲಿ. ದಶಕಗಳ ನಂತರ ಅದರೊಳಗಿನ ನೀರಿನ ಪಿಎಚ್ ಅಳೆದಾಗ ಒಂದೆಡೆ ಸೊನ್ನೆಗಿಂತಲೂ ಕೆಳಗೆ, -3.6 ಸಿಕ್ಕಿತು. ಸುರಂಗಗಳು ಗಾಳಿಗೆ ತೆರೆದೇ ಇದ್ದವು. ಜೀವಿಗಳಿಗೆ ಬೇಕಾದದ್ದು ಅಷ್ಟೇ.

ನಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನೆರವಿನಿಂದ ಪ್ರಾಯೋಗಿಕವಾಗಿ ನಡೆದದ್ದು ಇದೇ ಕ್ರಿಯೆ, ಬೇಕೆಂದೇ ನಡೆಸಿದ್ದು. ಸಲ್ಫೈಡಿನೊಳಗೆ ಸಿಕ್ಕಿಕೊಂಡ ಚಿನ್ನದ ಕಣಗಳನ್ನು ಬ್ಯಾಕ್ಟೀರಿಯಾ ಮುಟ್ಟುವುದಿಲ್ಲ. ಸುತ್ತಲಿನ ಸಲ್ಫೈಡ್ ಕರಗಿದ ಮೇಲೆ ಚಿನ್ನವನ್ನು ಎಳೆದುಕೊಳ್ಳುವುದು ಸಯನೈಡ್. ಈ ಕ್ರಿಯೆ ನಡೆಸುವ ತೊಟ್ಟಿಗಳಿಗೆ ಸತತವಾಗಿ ಗಾಳಿ ಊದುತ್ತಾರೆ. ತ್ಯಾಜ್ಯದ ರಾಶಿಯನ್ನು ನೀರಿನಡಿ ಮುಳುಗಿಸಿಡುವುದು ಅದೇ ಗಾಳಿಯನ್ನು ತಪ್ಪಿಸಲು.