ಶಿಬಿರ ಮುಗಿದ ಮೇಲೆ

ಕನ್ನಡ ಸಾಹಿತ್ಯಕ್ಕೆ ಕುಡುಕ ಅಪರಿಚಿತನಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿಯ ಚೋಮನಿಗೆ ದುಡಿ ಮತ್ತು ಕಳ್ಳು ಎರಡೇ ಸಮಾಧಾನ. ಅವನ ಕುಡಿತದ ಹಿಂದಿದ್ದ ಸಾಲ, ಅಸ್ಪೃಶ್ಯತೆ, ಭೂಮಿಯ ಹಸಿವನ್ನು ಕಾರಂತರು ಕಾಣಿಸಿದರು. ಆದರೆ ಕುಡಿತ ಬಿಟ್ಟವನ ಕತೆ ನಮ್ಮಲ್ಲಿ ಅಪರೂಪ. ಸಿನಿಮಾಗಳಲ್ಲಂತೂ ಕುಡುಕ ನಗಿಸುತ್ತಾನೆ, ಇಲ್ಲವೇ ಸಾಯುತ್ತಾನೆ. ಬಿಟ್ಟರೆ, ತಾಯಿಯ ಮೇಲೆ ಆಣೆಯಿಟ್ಟು ಬಾಟಲಿ ಒಡೆಯುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ.

ತರೀಕೆರೆ ತಾಲೂಕಿನ ಹೆಬ್ಬೆಯನ್ನೇ ತೆಗೆದುಕೊಳ್ಳಿ. ಪ್ರವಾಸಿಗೆ ಅದು ಕೆಮ್ಮಣ್ಣುಗುಂಡಿ ಕಡೆಯಿಂದ ಜೀಪಿನಲ್ಲಿ ಹೋಗಿ ನೋಡುವ ಜಲಪಾತ. ಅಲ್ಲಿಯ ಕಾಫಿ ಸೀಮೆಯ ಕೂಲಿಯೊಬ್ಬ ಚಿಕಿತ್ಸೆ ಮುಗಿಸಿ ಬಂದರೆ, ಮರಳುವುದು ಅದೇ ಲೈನ್ ಮನೆಗೆ, ಅದೇ ಬಟವಾಡೆಯ ಸಂಜೆಗೆ, ಅದೇ ಗೆಳೆಯರ ಬಳಿಗೆ. ಔಷಧಿ ಕೈನಡುಕವನ್ನು ನಿಲ್ಲಿಸಬಹುದು. ಗೆಳೆಯನ ಕರೆಯನ್ನು ನಿಲ್ಲಿಸದು.

ಇದನ್ನು ಅರಿತವರಲ್ಲಿ ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯೂ ಒಂದು. ಅದರ ಮದ್ಯವರ್ಜನ ಶಿಬಿರ ಸುಮಾರು ಒಂದು ವಾರದ್ದು. ಬಿಟ್ಟವರು ಬಳಿಕ 'ನವಜೀವನ ಸಮಿತಿ'ಗಳಲ್ಲಿ ಸೇರುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ ಎಂದು ನನಗನ್ನಿಸುತ್ತದೆ. ಆದರೆ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಶಿಬಿರದ ಸಮಾರೋಪ, ಹಾರ, ಭಾಷಣ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಕೂಟದಲ್ಲಿ ಹಾರವೂ ಇಲ್ಲ, ಶುಲ್ಕವೂ ಇಲ್ಲ. ಅಲ್ಲಿ ಹೆಸರು ಗುಟ್ಟಾಗಿಯೇ ಉಳಿಯುತ್ತದೆ. ಇಂದು ಒಂದು ದಿನ ಕುಡಿಯದಿರುವುದಷ್ಟೇ ಸಂಕಲ್ಪ.

ಭಜನೆಯೂ ಸೇರಿರುವ ಶಿಬಿರದಲ್ಲಿ ಮುಸ್ಲಿಮನೊಬ್ಬನಿಗೆ ಮುಜುಗರವಾಗಬಹುದು ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಇರಬಹುದು. ಆದರೆ ಆತನಿಗಾಗಿ ನಾವು ತೆರೆದ ಬಾಗಿಲು ಯಾವುದು? ಮದ್ಯ ಹರಾಮ್ ಎಂದು ಮಿಂಬರಿನಿಂದ ಸಾರುತ್ತೇವೆ. ಸರಿ. 'ನಾನು ಕುಡಿಯುತ್ತಿದ್ದೆ, ಮತ್ತೆ ಕುಡಿಯುವ ಭಯವಾಗುತ್ತಿದೆ' ಎಂದು ಆತ ಹೇಳಿಕೊಳ್ಳಲು ಜಮಾಅತ್‌ನಲ್ಲಿ ಜಾಗವೆಲ್ಲಿದೆ? 'ನಮ್ಮಲ್ಲಿ ಕುಡುಕರಿಲ್ಲ' ಎಂಬ ನಮ್ಮ ಹೆಮ್ಮೆಯೇ ಅವನನ್ನು ಹಳೆಯ ಕೂಟಕ್ಕೆ ಹಿಂದಕ್ಕೆ ತಳ್ಳುತ್ತದೆ.

ಬುಖಾರಿಯಲ್ಲಿ ವರದಿಯಾದ ಘಟನೆಯೊಂದಿದೆ. ಕುಡಿದ ತಪ್ಪಿಗೆ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂದು ತಿಳಿಸಿದರು. ತಪ್ಪನ್ನು ತಪ್ಪೆಂದರು, ಮನುಷ್ಯನನ್ನು ಹೊರಗೆ ಹಾಕಲಿಲ್ಲ.

ವಾರಕ್ಕೊಂದು ಸಂಜೆ ಮದ್ರಸದ ಒಂದು ಕೋಣೆ ತೆರೆದು, ಬಿಟ್ಟವರನ್ನು, ಬಿಡಲು ಹೆಣಗುತ್ತಿರುವವರನ್ನು ಕೂರಿಸಿದರೆ ಸಾಕು. ಭಾಷಣ ಬೇಡ. ಯಾವ ಧರ್ಮದವರಾದರೂ ಬರಲಿ. ಚಹಾ ಇರಲಿ, ಕೇಳುವ ಕಿವಿಯಿರಲಿ. ಅಲ್ಲಿ ಆಡಿದ ಮಾತು ಹೊರಗೆ ಹೋಗದಿರಲಿ.