ಮಾತು ನಿಂತ ಮೇಲೆ ಗಿಟಾರು

ರಾಕ್ ಸಂಗೀತವೆಂದರೆ ಬರೀ ಗದ್ದಲವೆಂಬ ಮಾತು ನಮ್ಮ ಹಿರಿಯರಲ್ಲಿ ಇಂದಿಗೂ ಉಂಟು. ಆ ಗದ್ದಲದ ನಡುವೆಯೇ ಹಾಡುಗಾರ ಸುಮ್ಮನಾಗಿ, ಗಿಟಾರೊಂದೇ ಮುಂದೆ ಬಂದು ನುಡಿಯುವ ಭಾಗವಿದೆ. ಅದಕ್ಕೆ 'ಸೋಲೋ' ಎನ್ನುತ್ತಾರೆ. ದಿನವಿಡೀ ಬ್ಯಾಂಕಿನ ಲೆಕ್ಕ ನೋಡುವ ನನ್ನಂಥವನಿಗೆ ಅಲ್ಲಿಯೂ ಸ್ವರಗಳನ್ನು ಎಣಿಸುವ ಚಪಲ ಸಹಜ; ಆದರೆ ಸೋಲೋದ ಬೆಲೆ ಸ್ವರಗಳ ಸಂಖ್ಯೆಯಲ್ಲಿಲ್ಲ, ವೇಗದಲ್ಲೂ ಇಲ್ಲ. ಹಾಡಿನ ಮಾತು ಎಲ್ಲಿ ಸಾಲದೆ ಹೋಯಿತೋ, ಅಲ್ಲಿಂದ ಮುಂದಕ್ಕೆ ನಮ್ಮನ್ನು ಕೊಂಡೊಯ್ದಿತೇ ಎಂಬುದೇ ಅದರ ಪರೀಕ್ಷೆ.

ನನಗೆ ಪ್ರಿಯವಾದ ಹಾಡುಗಳಲ್ಲಿ ಎರಡನ್ನು ಹೇಳುವೆ. ಲೆಡ್ ಜೆಪ್ಪೆಲಿನ್ ತಂಡದ 'ಸ್ಟೇರ್‌ವೇ ಟು ಹೆವನ್' (1971) ಎಂಟು ನಿಮಿಷದ ಹಾಡು. ಜಿಮ್ಮಿ ಪೇಜ್ ಸುಮಾರು ಆರು ನಿಮಿಷ ಕಾಯಿಸಿ ಆಮೇಲೆ ಸೋಲೋ ನುಡಿಸುತ್ತಾರೆ. ಆ ಕಾಯುವಿಕೆಯಿಂದಲೇ ಅದಕ್ಕೆ ಬಲ. ಪಿಂಕ್ ಫ್ಲಾಯ್ಡ್ ತಂಡದ 'ಕಂಫರ್ಟಬ್ಲಿ ನಂಬ್' (1979) ಹಾಡಿನಲ್ಲಿ ಡೇವಿಡ್ ಗಿಲ್ಮೋರ್ ಎರಡು ಸೋಲೋ ನುಡಿಸಿದ್ದಾರೆ. ಮೊದಲನೆಯದು ಸಮಾಧಾನ ಹೇಳಿದಂತಿದೆ. ಎರಡನೆಯದು ಮಾತು ಮುಗಿದ ಮೇಲಿನ ಅಳು. ತಂತಿಯನ್ನು ಬೆರಳಿನಿಂದ ಓರೆಗೆ ತಳ್ಳಿ ಸ್ವರವನ್ನು ಮೇಲಕ್ಕೇರಿಸುವ ಅವರ ರೀತಿ ನಮ್ಮ ಕಿವಿಗೆ ಹೊಸದಲ್ಲ. ವೀಣೆಯ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತೆಗೆಯುವುದೂ ಇದೇ ಬಗೆ.

ನಾರಾಯಣಪೇಟ, ಮಕ್ತಲ್, ಗದ್ವಾಲ ಸೀಮೆಯ ನಮ್ಮ ಭಜನೆಗಳಿಗೆ ಹಾರ್ಮೋನಿಯಂ ಮನೆಯದೇ ವಾದ್ಯ. ಅದೂ ಯುರೋಪಿನಿಂದ ಬಂದದ್ದೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅದಕ್ಕೆ ಬಾರದು. ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಅಂಥ ವಾದ್ಯವನ್ನೇ ನಮ್ಮದಾಗಿಸಿಕೊಂಡ ನಾವು, ಜಾರಬಲ್ಲ ಗಿಟಾರನ್ನು ಪರಕೀಯವೆನ್ನುವುದು ನ್ಯಾಯವಲ್ಲ.

ಈ ವಾರ್ಷಿಕದ ಮಲಯಾಳ ಓದುಗರಿಗೆ ಕೊಚ್ಚಿಯ 'ಮದರ್‌ಜೇನ್' ತಂಡ ಪರಿಚಿತವಿರಬಹುದು. ಅವರ 'ಮಕ್ತೂಬ್' (2008) ಆಲ್ಬಮ್ಮಿನಲ್ಲಿ ಬೈಜು ಧರ್ಮಜನ್ ರಾಕ್ ಗಿಟಾರಿನಲ್ಲೇ ಕರ್ನಾಟಕ ಸಂಗೀತದ ಗಮಕ ತಂದರು. ಹಾಡು ಇಂಗ್ಲಿಷಿನದು, ಗಿಟಾರಿನ ಉಚ್ಚಾರಣೆ ನಮ್ಮ ಕಡೆಯದು. ಅದೇ ವರ್ಷ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ (1819–1889) ಪದಗಳನ್ನು ಹೊಸ ವಾದ್ಯಗಳೊಡನೆ ಹಾಡಿ, ಕಾಲೇಜು ಹುಡುಗರ ಬಾಯಲ್ಲೂ ತತ್ವಪದ ಆಡುವಂತೆ ಮಾಡಿದರು. ಅದು ದೊಡ್ಡ ಕೆಲಸ. ಆದರೆ ಅಲ್ಲಿ ಗಿಟಾರು, ನನ್ನ ಕಿವಿಗೆ, ಹೆಚ್ಚಾಗಿ ಲಯ ಹಿಡಿದು ಹಿಂದೆಯೇ ನಿಲ್ಲುತ್ತದೆ. ವಚನ, ಕೀರ್ತನೆ, ತತ್ವಪದಗಳೆಲ್ಲ ಮಾತನ್ನು ಮುಂದಿಟ್ಟ ಪರಂಪರೆ. ವಾದ್ಯ ಹಿಂದೆ ಸರಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೂ ಶರೀಫರ ಒಗಟಿನಂಥ ಸಾಲು ಮನಸ್ಸಿಗೆ ಇಳಿಯಲು ಬಿಡುವು ಬೇಕು. ಆ ಬಿಡುವಿನಲ್ಲಿ ಗಿಟಾರಿಗೆ ಎರಡು ಆವರ್ತ ಬಿಟ್ಟುಕೊಟ್ಟರೆ ಪದಕ್ಕೆ ನಷ್ಟವಿಲ್ಲ, ಲಾಭವೇ.

ಗಡಿಯ ಈಚೆಗಿರುವ ನಮಗೆ ಇದು ಬರೀ ರುಚಿಯ ಪ್ರಶ್ನೆಯಲ್ಲ. ನಮ್ಮ ಮಕ್ಕಳಲ್ಲಿ ಬಹುಪಾಲು ಓದುವುದು ತೆಲುಗು, ಇಂಗ್ಲಿಷಿನಲ್ಲಿ. ಶರೀಫರು ಅವರಿಗೆ ಪುಸ್ತಕದಿಂದ ಸಿಗುವುದು ಕಷ್ಟ, ಕಿವಿಯಿಂದಲೇ ಸಿಗಬೇಕು. ಅರ್ಥ ತಿಳಿಯುವ ಮೊದಲೇ ಒಂದು ಒಳ್ಳೆಯ ಸೋಲೋ ಅವರನ್ನು ಹಾಡಿನ ಮುಂದೆ ಕೂರಿಸಬಲ್ಲದು. ಕೂತವರು ಅರ್ಥವನ್ನೂ ಕೇಳಿಯಾರು. ಆಗ ಹೇಳಬಲ್ಲವರು ಮನೆಯಲ್ಲಿರಬೇಕು. ಅಷ್ಟು ಕೆಲಸ ನಮ್ಮದು.